ಪದಚರ್ಚೆ: ಹಡಗಿನ ‘ಕ್ಯಾಬಿನ್ ಸ್ಟೂವರ್ಡ್’, ‘ಗ್ರ್ಯಾಚುಯಿಟಿ’, ‘ಟಿಪ್’ – ತುರ್ತಾಗಿ ಬೇಕು

ಎಲ್ಲರಿಗೂ ನಮಸ್ಕಾರ.

ವಿಹಾರದ ಹಡಗಿನಲ್ಲಿ ಹೋಗುವವರಿಗಾಗಿ ಒಂದು ಚಿಕ್ಕ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಮೂರು ಪದಗಳು ಕಾಡುತ್ತಿವೆ.

‘ಕ್ಯಾಬಿನ್ ಸ್ಟೂವರ್ಡ್’ ಅಂದರೆ ಕೋಣೆ ಗುಡಿಸಿ, ಹಾಸಿಗೆ ಸರಿಮಾಡಿ, ಟವಲ್ ಬದಲಿಸುವವರು. ಕೆಲವು ಕಡೆ ‘ಅಟೆಂಡೆಂಟ್’ ಅಂತಲೂ ಇದೆ. ಅದನ್ನು ‘ಅಟೆಂಡರ್’ ಮಾಡಿದರೆ ಫೈಲ್ ಹೊತ್ತು ಓಡಾಡುವವರು ಕಣ್ಮುಂದೆ ಬರುತ್ತಾರೆ. ‘ಗ್ರ್ಯಾಚುಯಿಟಿ’ ಅಂದರೆ ನಮ್ಮ ಓದುಗರಿಗೆ ಕೆಲಸ ಬಿಡುವಾಗ ಸಿಗುವ ಹಣ. ಇಲ್ಲಿ ಹಾಗಲ್ಲ. ಸದ್ಯಕ್ಕೆ ‘ಗ್ರ್ಯಾಚುಯಿಟಿ’, ‘ಟಿಪ್’ ಎರಡಕ್ಕೂ ‘ಬಕ್ಷೀಸು’ ಅಂತ ಹಾಕಿದ್ದೇನೆ. ನಡೆಯುತ್ತದೆಯೇ?

---

ಮರು:

ಬಕ್ಷೀಸು ಪಾರಸಿ. ಕನ್ನಡದಲ್ಲಿ ಬೇರು ಇರುವಾಗ ಸಾಲ ಯಾಕೆ? ಸ್ಟೂವರ್ಡ್‌ಗೆ ‘ಕೋಣೆಗಾರ’. ಟಿಪ್‌ಗೆ ‘ಮೆಚ್ಚುಗಾಸು’ – ಮೆಚ್ಚು, ಕಾಸು, ಆದೇಶ ಸಂಧಿ. ಇಂಗ್ಲಿಷಿನ ‘ಕ್ಯಾಶ್’ ಕೂಡ ನಮ್ಮ ಕಾಸಿನಿಂದಲೇ ಹೋದದ್ದು, ನೆನಪಿರಲಿ.

---

ಮರು: ಮರು:

> ಸ್ಟೂವರ್ಡ್‌ಗೆ ‘ಕೋಣೆಗಾರ’

ಅಚ್ಚಗನ್ನಡ ಅಂತ ಹೊರಟು ‘-ಗಾರ’ ಹಚ್ಚಿದ್ದೀರಿ. ಅದು ಸಂಸ್ಕೃತದ ‘-ಕಾರ’. ಅದಿರಲಿ, ಸಾಲ ಇರುವವನು ಸಾಲಗಾರ. ಹಾಗಾದರೆ ಕೋಣೆ ಇರುವವನು ಕೋಣೆಗಾರ. ಅಂದರೆ ಪ್ರಯಾಣಿಕ!

ಕಾಸಿನ ವಿಷಯ: ಹಿಂದಿನ ಸಣ್ಣ ನಾಣ್ಯಕ್ಕೆ ಇಂಗ್ಲಿಷಿನವರು ‘ಕ್ಯಾಶ್’ ಅಂದದ್ದು ಕಾಸಿನಿಂದ, ನಡುವೆ ಪೋರ್ಚುಗೀಸರ ಬಾಯಿ ಹಾದು. ರೊಕ್ಕ ಅನ್ನುವ ಅರ್ಥದ ‘ಕ್ಯಾಶ್’ ಬೇರೆ. ಅದು ಪೆಟ್ಟಿಗೆ ಅನ್ನುವ ಅರ್ಥದ ಫ್ರೆಂಚ್ ಪದದಿಂದ ಬಂದದ್ದು. ಎರಡನ್ನೂ ಕಲಸಬೇಡಿ.

ಸ್ಟೂವರ್ಡ್ ಹಳೆಯ ಇಂಗ್ಲಿಷಿನಲ್ಲಿ ‘ಮನೆ ಕಾಯುವವನು’. ಹಂದಿಗೂಡು ಕಾಯುವವನು ಅಂತ ಕೆಲವರು ಹೇಳೋದು ಕಟ್ಟುಕತೆ. ನಮ್ಮಲ್ಲಿ ‘ಮನೆವಾರ್ತೆಯವನು’ ಅನ್ನುವ ಒಳ್ಳೆಯ ಹಳೆಯ ಪದ ಇದೆ. ಅದನ್ನೇ ಬಳಸಿ.

---

ಮರು: ಮರು: ಮರು:

ಗಗನಸಖಿ ಇದ್ದ ಹಾಗೆ ‘ಕಡಲಸಖ’ ಅಂದರೆ?

---

ಮರು: ಕಡಲಸಖ

ಬೇಡ.

---

ಮರು: ಎರಡು ಹಣ, ಎರಡು ಪದ

ಮನೆವಾರ್ತೆಯವರು ಲೆಕ್ಕಪತ್ರ ನೋಡುವವರು, ಹಾಸಿಗೆಯ ಹೊದಿಕೆ ಬದಲಿಸುವವರಲ್ಲ. ಬೇರು ಹುಡುಕುವುದನ್ನು ಸ್ವಲ್ಪ ಬಿಟ್ಟು ಹಡಗಿನಲ್ಲಿ ಏನು ನಡೆಯುತ್ತದೆ ನೋಡೋಣ.

ಅಮೆರಿಕದ ಪ್ರಯಾಣಿಕರೇ ಜಾಸ್ತಿ ಇರುವ ದೊಡ್ಡ ಹಡಗುಗಳಲ್ಲಿ ದಿನಕ್ಕೆ ಇಷ್ಟು ಅಂತ ಹಣ ತಾನಾಗಿಯೇ ನಿಮ್ಮ ಹಡಗಿನ ಖಾತೆಗೆ ಖರ್ಚಾಗಿ ಬೀಳುತ್ತದೆ. ಈಚಿನ ವರ್ಷಗಳಲ್ಲಿ ಸಾಮಾನ್ಯ ಕೋಣೆಯವರಿಗೆ ತಲಾ ಸುಮಾರು 16ರಿಂದ 20 ಡಾಲರ್, ಸೂಟ್ ಅನ್ನುವ ದೊಡ್ಡ ಕೋಣೆಯವರಿಗೆ ಇನ್ನೂ ಜಾಸ್ತಿ. ಟಿಕೆಟ್ ಜೊತೆ ಮುಂಗಡವಾಗಿಯೂ ಕಟ್ಟಬಹುದು. ಇದು ಒಬ್ಬರ ಕೈಗೆ ಹೋಗುವ ಹಣವಲ್ಲ. ಕೋಣೆಯವರು, ಊಟ ಬಡಿಸುವವರು, ಎಷ್ಟೋ ಕಡೆ ಕಣ್ಣಿಗೆ ಬೀಳದೆ ದುಡಿಯುವವರು, ಎಲ್ಲರಿಗೂ ಹಂಚಿಕೆಯಾಗುತ್ತದೆ. ಬಿಲ್ಲಿನಲ್ಲಿ ‘ಗ್ರ್ಯಾಚುಯಿಟಿ’ ಅಂತ ಇರುವುದು ಇದು. ಇದರ ಮೇಲೆ, ಕೋಣೆ ಚೆನ್ನಾಗಿ ನೋಡಿಕೊಂಡವರಿಗೆ ನೀವು ಲಕೋಟೆಯಲ್ಲಿಟ್ಟು ಕೊಡುವುದು ‘ಟಿಪ್’. ಮೊದಲನೆಯದು ಲೆಕ್ಕಕ್ಕೆ ಹತ್ತಿರುತ್ತದೆ, ಎರಡನೆಯದು ನಿಮ್ಮ ಮನಸ್ಸು.

ಎರಡಕ್ಕೂ ಬಕ್ಷೀಸು ಅಂದರೆ ಏನಾಗುತ್ತದೆ? ‘ಬಕ್ಷೀಸು ಖಾತೆಗೆ ಸೇರಿಸಲಾಗಿದೆ’ ಅಂತ ಓದಿದವರು, ಸರಿ, ಆ ಹುಡುಗನಿಗೆ ಪೂರ್ತಿ ಹೋಯಿತು ಅಂದುಕೊಳ್ಳುತ್ತಾರೆ. ‘ಬಕ್ಷೀಸು ನಿಮ್ಮ ಇಷ್ಟ’ ಅಂತ ಓದಿದವರು ಕೊನೆಯ ದಿನ ಬಿಲ್ ನೋಡಿ ಜಗಳಕ್ಕೆ ನಿಲ್ಲುತ್ತಾರೆ. ಬಹಳ ಕಂಪನಿಗಳಲ್ಲಿ ಆ ದಿನದಿನದ ಹಣವನ್ನೂ ಇಳಿಯುವ ಮುಂಚೆ ಸ್ವಾಗತ ಮೇಜಿಗೆ ಹೋಗಿ ಕಡಿಮೆ ಮಾಡಿಸಬಹುದು. ಆದರೆ ಅದು ಕೇಳಿ ಮಾಡಿಸಬೇಕಾದ್ದು.

‘ಮೆಚ್ಚುಗಾಸು’ ಕಿವಿಗೆ ಚೆನ್ನಾಗಿದೆ. ಆದರೆ ಕೆಲವು ಕಂಪನಿಗಳು ತಾನಾಗಿ ಬೀಳುವ ಹಣಕ್ಕೇ ‘ಕ್ರೂ ಅಪ್ರಿಸಿಯೇಷನ್’ (ಸಿಬ್ಬಂದಿಗೆ ಮೆಚ್ಚುಗೆ) ಅಂತ ಹೆಸರಿಟ್ಟಿವೆ. ಆಗ ಮೆಚ್ಚುಗೆ ಯಾವುದು, ವಸೂಲಿ ಯಾವುದು? ‘ಸೇವಾಶುಲ್ಕ’ ಅಂತ ಬರಿದೇ ಬರೆದರೂ ತೊಡಕು. ಬಾರಿನ ಬಿಲ್ಲಿಗೆ ಶೇಕಡಾ 18ರಿಂದ 20ರಷ್ಟು ಸೇವೆಯ ಹಣ ಬೇರೆ ಸೇರುತ್ತದೆ. ಹಾಗಾಗಿ ನನ್ನ ಮಾತು: ‘ದಿನದ ಸೇವಾಶುಲ್ಕ (ಬಿಲ್ಲಿನಲ್ಲಿ ಗ್ರ್ಯಾಚುಯಿಟಿ)’, ಮತ್ತು ಕೈಯಾರೆ ಕೊಡುವುದಕ್ಕೆ ‘ಟಿಪ್ಸ್’ ಅಥವಾ ‘ಬಕ್ಷೀಸು’. ಸ್ಟೂವರ್ಡ್ ಸ್ಟೂವರ್ಡ್ ಆಗಿಯೇ ಇರಲಿ. ಹಡಗಿನಲ್ಲಿ ಕೇಳಬೇಕಾದರೆ ಆ ಪದವೇ ಬೇಕು.

ಎಲ್ಲ ಹಡಗಿಗೂ ಒಂದೇ ನಿಯಮ ಅಂತ ಬರೆಯಬೇಡಿ. ಬ್ರಿಟನ್ನಿನ ಪಿ ಅಂಡ್ ಓ ಕ್ರೂಸಸ್ ಕಂಪನಿ 2019ರಲ್ಲೇ ಈ ದಿನದಿನದ ಹಣವನ್ನು ಕೈಬಿಟ್ಟಿತು. ತೀರಾ ದುಬಾರಿ ಹಡಗುಗಳಲ್ಲಿ ಟಿಕೆಟ್ಟಿನಲ್ಲೇ ಸೇರಿರುವುದೂ ಉಂಟು.

---

ಮರು: ಎರಡು ಹಣ, ಎರಡು ಪದ

ಟಿಪ್ ಅಂದರೆ ‘ಟು ಇನ್ಶೂರ್ ಪ್ರಾಂಪ್ಟ್‌ನೆಸ್’ (ಕೆಲಸ ಚುರುಕಾಗಲಿ ಅಂತ) ಅಲ್ವಾ? ‘ಚುರುಕುಗಾಣಿಕೆ’ ಅನ್ನಬಹುದಲ್ಲ?

---

ಮರು:

ಅಲ್ಲ. ಆ ಅಕ್ಷರ ಬಿಡಿಸುವ ಆಟ ಆಮೇಲೆ ಹುಟ್ಟಿದ್ದು. 17ನೇ ಶತಮಾನದ ಕಳ್ಳರ ಗುಪ್ತಭಾಷೆಯಲ್ಲೇ ‘ಟಿಪ್’ ಅಂದರೆ ಕೊಡು, ದಾಟಿಸು. ಕಾಣಿಕೆ ದೇವರ ಹುಂಡಿಗೆ.

---

ಮರು: ಕೇಳಿದವರಿಂದ

ತುಂಬಾ ಉಪಕಾರ. ಎರಡು ಪದ ಒಪ್ಪಿದೆ. ಇನ್ನೊಂದು: ಬಾಗಿಲಿಗೆ ನೇತುಹಾಕುವ ‘ಡು ನಾಟ್ ಡಿಸ್ಟರ್ಬ್’ ಫಲಕಕ್ಕೆ ‘ತೊಂದರೆ ಕೊಡಬೇಡಿ’ ಅಂದರೆ ಗದರಿಸಿದ ಹಾಗೆ ಇರುತ್ತದೆ. ‘ವಿಶ್ರಾಂತಿಯಲ್ಲಿದ್ದೇವೆ’ ಸರಿಯೇ?

---

ಮರು:

ಅದನ್ನು ಓದಬೇಕಾದವರು ಸ್ಟೂವರ್ಡ್. ಕನ್ನಡ ಬಲ್ಲವರು ಸಿಗುವುದು ಅಪರೂಪ. ಫಲಕ ಇದ್ದ ಹಾಗೇ ಇರಲಿ. ಯಾವ ಮಗ್ಗುಲು ಹೊರಗೆ ಕಾಣಬೇಕು ಅಂತ ಕೈಪಿಡಿಯಲ್ಲಿ ಹೇಳಿ, ಸಾಕು.

ಅದಕ್ಕಿಂತ ದೊಡ್ಡ ವಿಷಯ, ನಿಮ್ಮ ಕರಡಿನಲ್ಲಿ ‘ಸ್ಟೂವರ್ಡ್ ಬಂದಾಗ ಅವನಿಗೆ ತಿಳಿಸಿ’ ಅಂತಿದೆ. ‘ಅವರಿಗೆ’ ಮಾಡಿ. ಹೆಂಗಸರೂ ಇರುತ್ತಾರೆ, ಗಂಡಸರಾದರೂ ಏಕವಚನ ಯಾಕೆ? ಮನೆಯಿಂದ ತಿಂಗಳುಗಟ್ಟಲೆ ದೂರ ಇದ್ದು ದುಡಿಯುವವರು. ಮೊದಲ ದಿನವೇ ಹೆಸರು ಕೇಳಿಕೊಂಡು, ಹೆಸರು ಹಿಡಿದು ಮಾತಾಡಿಸಿ ಅಂತ ಒಂದು ಸಾಲು ಸೇರಿಸಿ. ಹೆಚ್ಚಿನ ದಿಂಬು, ಐಸ್, ಎರಡು ಮಂಚ ಬೇರೆ ಮಾಡುವುದು, ಇವನ್ನೆಲ್ಲ ಆಗಲೇ ಹೇಳಿಬಿಟ್ಟರೆ ಅವರಿಗೂ ಸುಲಭ.

---

ಮರು: ‘ನಾವಿಕ’

2006ರ ಕಡಲ ಕಾರ್ಮಿಕ ಒಪ್ಪಂದದ ಪ್ರಕಾರ ಹಡಗಿನಲ್ಲಿ ಯಾವ ಕೆಲಸ ಮಾಡುವವರೂ ‘ಸೀಫೇರರ್’, ಅಂದರೆ ನಾವಿಕರು. ಹಾಗಾಗಿ ‘ಕೋಣೆ ನಾವಿಕರು’ ಅನ್ನುವುದೇ ಗೌರವ.

---

ಮರು: ‘ನಾವಿಕ’

ಒಪ್ಪಂದಕ್ಕೆ ಸರಿ. ಕೈಪಿಡಿಯಲ್ಲಿ ಹಾಗೆ ಬರೆದರೆ ಟವಲ್ ಬೇಕಾದವರು ಹಡಗು ನಡೆಸುವವರನ್ನು ಹುಡುಕಿಕೊಂಡು ಹೋಗುತ್ತಾರೆ.

---

ಮರು: ಮರು: ಎರಡು ಹಣ

ಕೊನೆಗೆ ಸ್ಟೂವರ್ಡ್, ಟಿಪ್ಸ್, ಬಕ್ಷೀಸು, ಶುಲ್ಕ. ನಾಲ್ಕರಲ್ಲಿ ಒಂದೂ ಕನ್ನಡವಲ್ಲ. ಈ ಗುಂಪು ಇರುವುದು ಯಾಕೆ? ‘-ಗಾರ’ ಬಂದು ಸಾವಿರ ವರ್ಷವಾಯಿತು. ಅದನ್ನು ಇನ್ನೂ ಹೊರಗಿನದು ಅನ್ನುತ್ತೀರಿ.

---

ಮರು: ಮರು: ಎರಡು ಹಣ

ನಾನು ಹೊರಗಿನದು ಅನ್ನಲಿಲ್ಲ, ಅಚ್ಚಗನ್ನಡ ಅಲ್ಲ ಅಂದೆ. ಸಾವಿರ ವರ್ಷಕ್ಕೆ ‘-ಗಾರ’ ನಮ್ಮದಾದರೆ, ಬಕ್ಷೀಸಿಗೆ ಇನ್ನೆಷ್ಟು ವರ್ಷ ಬಾಕಿ, ತಿಳಿಸಿ.

---

ಮರು: ಕೇಳಿದವರಿಂದ, ಅಂತಿಮ

ಹೀಗೆ ಕಳಿಸುತ್ತಿದ್ದೇನೆ:

‘ಕೋಣೆಗೆ ದಿನಕ್ಕೆ ಇಷ್ಟು ಎಂದು ಸೇವಾಶುಲ್ಕ (ಬಿಲ್ಲಿನಲ್ಲಿ ಗ್ರ್ಯಾಚುಯಿಟಿ) ನಿಮ್ಮ ಖಾತೆಗೆ ಸೇರುತ್ತದೆ. ಇದನ್ನು ಸಿಬ್ಬಂದಿಯಲ್ಲಿ ಹಂಚಲಾಗುತ್ತದೆ. ನಿಮ್ಮ ಕ್ಯಾಬಿನ್ ಸ್ಟೂವರ್ಡ್‌ಗೆ ಬೇರೆಯಾಗಿ ಟಿಪ್ಸ್ ಕೊಡುವುದು ನಿಮ್ಮ ಇಷ್ಟ. ಇಳಿಯುವ ದಿನ ಬೆಳಿಗ್ಗೆ ಅವರು ಮುಂದಿನ ಪ್ರಯಾಣಿಕರಿಗೆ ಕೋಣೆ ಅಣಿಮಾಡುವ ಗಡಿಬಿಡಿಯಲ್ಲಿರುತ್ತಾರೆ. ಹಿಂದಿನ ಸಂಜೆಯೇ ಕೈಗೆ ಕೊಡಿ.’

---

ಮರು: ಅಂತಿಮ

ನಿಲ್ಲಿ, ‘ಕೋಣೆಗೆ’ ಅಲ್ಲ. ‘ಒಬ್ಬೊಬ್ಬರಿಗೆ ದಿನಕ್ಕೆ’. ನಾಲ್ಕು ಜನ ಒಂದೇ ಕೋಣೆಯಲ್ಲಿದ್ದರೂ ನಾಲ್ಕು ಪಟ್ಟು ಬೀಳುತ್ತದೆ. ಮಕ್ಕಳನ್ನೂ ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುತ್ತಾರೆ. ‘ತಲಾ’ ಅಂತ ಹಾಕಿ, ಚಿಕ್ಕದಾಗುತ್ತದೆ.