‘ಟಾಪರ್’ ಮೂರೂ ಭಾಗ ತೋರಿಸಬೇಕಾ? ದೆವ್ವ ಕರಗೋ ತಂತ್ರ ಹೆಂಗ?

ಕಿನ್ನಾಳ ಬೊಂಬೆ, ಕೊಪ್ಪಳ
ಕಾಲೇಜಿನಾಗ ಹಾಲಿವುಡ್ಡಿನ ಹಳೇ ದೆವ್ವದ ಹಾಸ್ಯಚಿತ್ರಗಳ ಪ್ರದರ್ಶನ ಐತ್ರಿ. ‘ಟಾಪರ್’ ಮೂರೂ ಹಾಕಬೇಕೋ, ಮೊದಲನೇದಷ್ಟೇ ಸಾಕೋ? ಇನ್ನೊಂದು, ನಿಂತಲ್ಲೇ ಮನುಷ್ಯ ಕರಗಿ ಹೋಗೋ ದೃಶ್ಯ ಮೊಬೈಲಿನಾಗ ತೆಗೀಬೇಕು ಅಂತ ಹುಡುಗರು ಹೊಂಟಾರ. ಎಲ್ಲಿ ಕೆಡತೈತಿ?

ಕೋಟೆ ಕೆಳಗಿನ ಟಾಕೀಸು, ಬಳ್ಳಾರಿ
1937ರದ್ದು ಬಿಡಲೇಬ್ಯಾಡ್ರಿ. ಕಾರು ಅಪಘಾತದಾಗ ಸತ್ತ ಕರ್ಬಿ ಗಂಡ-ಹೆಂಡತಿ, ಒಂದು ಪುಣ್ಯದ ಕೆಲಸ ಮಾಡದ ಹೊರತು ಗತಿಯಿಲ್ಲ ಅಂತ ಟಾಪರ್ ಅನ್ನೋ ಬ್ಯಾಂಕ್ ಅಧ್ಯಕ್ಷನ ಬೆನ್ನು ಹತ್ತತಾರ. ಗಂಡನ ಪಾತ್ರದ ಕ್ಯಾರಿ ಗ್ರಾಂಟ್ ಹೆಸರಿಗೆ ಜನ ಬರತಾರ, ಆದ್ರ ಚಿತ್ರ ನಿಂತಿರೋದು ಟಾಪರ್ ಆಗಿರೋ ರೋಲಂಡ್ ಯಂಗ್ ಮ್ಯಾಲೆ. ಕುಡಿದ ಟಾಪರ್‌ನ್ನ ಕಾಣದ ಇಬ್ಬರು ಹಿಡಕೊಂಡು ನಡೆಸೋದನ್ನ ನೋಡ್ರಿ: ಪಕ್ಕದಾಗ ಯಾರೂ ಇಲ್ಲ, ಮೈ ಮಾತ್ರ ಯಾರದೋ ಹೆಗಲಿಗೆ ಜೋತುಬಿದ್ದಂಗ ಓರೆಯಾಗಿರತೈತಿ. ಆ ಪಾತ್ರಕ್ಕ ಪೋಷಕ ನಟನ ಆಸ್ಕರ್ ನಾಮನಿರ್ದೇಶನ ಸಿಕ್ತು.

ಎರಡನೇದು ‘ಟಾಪರ್ ಟೇಕ್ಸ್ ಎ ಟ್ರಿಪ್’. ಗ್ರಾಂಟ್ ಬರೋದು ಹಳೇ ಚಿತ್ರದ ತುಣುಕಿನಾಗ ಅಷ್ಟೇ. ವಿಚ್ಛೇದನದ ತನಕ ಹೋದ ಟಾಪರ್ ಸಂಸಾರವನ್ನ ಕರ್ಬಿ ಹೆಂಡತಿ ಮೇರಿಯನ್ ಒಬ್ಬಾಕೀನೇ ಕೂಡಿಸಬೇಕು. ಜೋಡಿ ಮುರಿದದ್ದಕ್ಕ ಮಾತಿನ ಚಕಮಕಿ ಸಪ್ಪಗಾಗೇತಿ. 1941ರ ‘ಟಾಪರ್ ರಿಟರ್ನ್ಸ್’ನಾಗ ಕರ್ಬಿಗಳೇ ಇಲ್ಲ. ಗೆಳತಿ ಬದಲಿಗೆ ತಪ್ಪಿ ಕೊಲೆಯಾದ ಹುಡುಗಿ (ಜೋನ್ ಬ್ಲಾಂಡೆಲ್) ತನ್ನ ಕೊಲೆಗಾರನನ್ನ ಹುಡುಕಿಸತಾಳ. ಸ್ವತಂತ್ರ ಪತ್ತೇದಾರಿ ಕಥೆ. ಒಂದು ಮತ್ತು ಮೂರು ಹಾಕ್ರಿ, ಎರಡನೇದನ್ನ ಬಿಟ್ರೂ ನಡೀತೈತಿ.

ಮೊದಲನೇದಕ್ಕ 1985ರಾಗ ಬಣ್ಣ ತುಂಬಿದ ಪ್ರತಿ ಐತಿ, ಅದು ಬ್ಯಾಡ. ಕಪ್ಪು-ಬಿಳುಪಿನ ಬೂದು ಛಾಯೆಯಾಗ ದೆವ್ವ ಗೋಡೆಗೆ ಬೆರೆಯೋ ಚಂದ ಬಣ್ಣದಾಗ ಇಲ್ಲ. ಮೂರನೇದರ ಪ್ರತಿಗಳು ಭಾಳ ಮಸುಕು, ದನಿನೂ ಗೊರಗೊರ. ಮೊದಲೇ ಹತ್ತು ನಿಮಿಷ ಓಡಿಸಿ ನೋಡ್ರಿ.

ಎರಡು ಹೊಳೆ ನಡುವೆ, ರಾಯಚೂರು
ತಂತ್ರದ ಬಗ್ಗೆ. ಆ ಚಿತ್ರಗಳ ಚಮತ್ಕಾರ ರಾಯ್ ಸೀರೈಟ್ ಅವರದು. ಮೊಬೈಲಿನಲ್ಲಿ ಹೀಗೆ ಮಾಡಿ: ಮೊಬೈಲನ್ನು ಟ್ರೈಪಾಡಿಗೆ ಬಿಗಿದು ಫೋಕಸ್, ಎಕ್ಸ್‌ಪೋಶರ್ (ಬೆಳಕಿನ ಪ್ರಮಾಣ), ವೈಟ್ ಬ್ಯಾಲೆನ್ಸ್ (ಬಣ್ಣದ ಹದ) ಮೂರನ್ನೂ ಲಾಕ್ ಮಾಡಿ. ನಟ ನಿಂತದ್ದನ್ನು 10 ಸೆಕೆಂಡ್ ತೆಗೆಯಿರಿ, ಅವನು ಆಚೆ ಹೋದ ಮೇಲೆ ಕ್ಯಾಮೆರಾ ಮುಟ್ಟದೆ ಖಾಲಿ ಜಾಗವನ್ನೂ 10 ಸೆಕೆಂಡ್. ಎಡಿಟಿಂಗಿನಲ್ಲಿ ಖಾಲಿ ತುಣುಕು ಕೆಳಗೆ, ನಟನದು ಮೇಲೆ. ಮೇಲಿನದರ ಒಪ್ಯಾಸಿಟಿ (ಎಷ್ಟು ಗಾಢವಾಗಿ ಕಾಣಬೇಕೆಂಬ ಅಳತೆ) ಒಂದು ಸೆಕೆಂಡಿನಲ್ಲಿ 100ರಿಂದ 0ಗೆ ಇಳಿಸಿ. ನೆರಳೂ ತಾನಾಗಿ ಕರಗುತ್ತದೆ.

ಕೆಡುವುದು ಸಣ್ಣದರಲ್ಲೇ. ಫ್ಯಾನಿಗೆ ಪರದೆ ಅಲ್ಲಾಡಿದರೆ ಎರಡೆರಡು ಅಂಚು ಕಾಣುತ್ತದೆ. ಕಿಟಕಿ ಬೆಳಕಾದರೆ ಮೋಡ ಸರಿದಾಗ ಗೋಡೆ ಜಿಗಿಯುತ್ತದೆ. ಕಿಟಕಿ ಮುಚ್ಚಿ ದೀಪ ಹಾಕಿ, ಶಟರ್ ವೇಗ 1/50 ಅಥವಾ 1/100 ಸೆಕೆಂಡ್ ಇಡಿ, ಇಲ್ಲದಿದ್ದರೆ ನಮ್ಮ 50 ಹರ್ಟ್ಸ್ ಕರೆಂಟಿಗೆ ದೀಪ ಮಿನುಗುತ್ತದೆ. ನಟ ಹಾಸಿಗೆ ಮೇಲೆ ಕೂತರೆ ತಗ್ಗು ಬಿದ್ದ ಗಾದಿ ಖಾಲಿ ತುಣುಕಿಗೆ ಹೊಂದದು, ಮರದ ಕುರ್ಚಿಯೇ ವಾಸಿ.

ಲೋಟ ತೇಲಿಸಲು ಗಾಳದ ದಾರ. ಸುಣ್ಣದ ಗೋಡೆ ಮುಂದೆ ಬೇಡ. ಕಡುಬಣ್ಣದ ಹೂವಿನ ಪರದೆ ಕಟ್ಟಿ, ದಾರಕ್ಕೆ ಕಾಡಿಗೆ ಸವರಿ ಹೊಳಪು ಕೊಲ್ಲಿ.

ಕಿನ್ನಾಳ ಬೊಂಬೆ, ಕೊಪ್ಪಳ
ಭಾಳ ಉಪಕಾರ ಆತ್ರಿ. ಕನ್ನಡ ಸಬ್‌ಟೈಟಲ್ ನಾವೇ ಕೂಡಿಸೋರು. ಮಾತು ಓಡತಾವ, ಹೆಂಗ ಹಿಡಿಯೋದು?

ಕೋಟೆ ಕೆಳಗಿನ ಟಾಕೀಸು, ಬಳ್ಳಾರಿ
ಎರಡು ಸಾಲು ಮೀರಬ್ಯಾಡ್ರಿ, ಅರ್ಥ ಹಿಡದು ಮಾತು ಕತ್ತರಿಸ್ರಿ. ಕಾಣದೋರು ಮಾತಾಡಿದಾಗ ಮಾತ್ರ ಮುಂದ ‘ಮೇರಿಯನ್:’ ಅಂತ ಹೆಸರು ಹಾಕ್ರಿ. ತುಟಿ ಕಾಣಂಗಿಲ್ಲ, ಯಾರ ಮಾತು ಅಂತ ತಿಳಿಯೋ ಹೊತ್ತಿಗೆ ನಗೋ ಜಾಗ ದಾಟಿರತೈತಿ.