ಸಹಾಯ ಬೇಕು: ಅಪ್ಪನ 1974ರ ಸಿಜೆ3ಬಿ ಜೀಪು, ಟ್ರಾನ್ಸ್‌ಫರ್ ಕೇಸ್ ಮತ್ತು ಬ್ರೇಕ್

ಎಲ್ಲರಿಗೂ ನಮಸ್ಕಾರ. ಸಕಲೇಶಪುರದ ನಮ್ಮ ತೋಟದ ಶೆಡ್‌ನಲ್ಲಿ ಹನ್ನೆರಡು ವರ್ಷದಿಂದ ನಿಂತಿದ್ದ ಅಪ್ಪನ ಮಹೀಂದ್ರಾ ಜೀಪನ್ನು ಈ ಬೇಸಿಗೆಯಲ್ಲಿ ಹೊರಗೆ ತೆಗೆದಿದ್ದೇನೆ. ಕಾಫಿ ಮೂಟೆ, ತೋಟದ ಆಳುಗಳು, ನಮ್ಮ ಶಾಲೆ ಚೀಲ, ಎಲ್ಲವನ್ನೂ ಹೊತ್ತ ಗಾಡಿ.

ಎಂಜಿನ್ 2199 ಸಿಸಿಯ ಹರಿಕೇನ್ ಪೆಟ್ರೋಲ್. ಕಾರ್ಬ್ಯುರೇಟರ್ ತೊಳೆದ ಮೇಲೆ ಸ್ಟಾರ್ಟ್ ಆಯಿತು. ಡೀಸೆಲ್ ಎಂಜಿನ್ ಕೂರಿಸು ಅಂತ ಎಲ್ಲರೂ ಹೇಳುತ್ತಾರೆ, ನನಗೆ ಮನಸ್ಸಿಲ್ಲ. 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ನೋಂದಣಿ ಬೇಕಾದರೆ ಎಂಜಿನ್, ಚಾಸಿ, ಬಾಡಿ ಮೊದಲಿನಂತೆಯೇ ಇರಬೇಕು ಅಲ್ವಾ?

ತೊಂದರೆ ಇರುವುದು ಟ್ರಾನ್ಸ್‌ಫರ್ ಕೇಸ್‌ನಲ್ಲಿ, ಅಂದರೆ ಎಂಜಿನ್ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಗೇರ್ ಪೆಟ್ಟಿಗೆಯಲ್ಲಿ. ರಾತ್ರಿ ಕೆಳಗಿಟ್ಟ ತಗಡಿನ ತಟ್ಟೆಯಲ್ಲಿ ಬೆಳಗ್ಗೆ ಕಪ್ಪು ಎಣ್ಣೆ. ಬಿಚ್ಚಿ ನೋಡಿದರೆ ಇಂಟರ್‌ಮೀಡಿಯೆಟ್ ಶಾಫ್ಟ್ (ಒಳಗಿನ ನಡುವಿನ ಗೇರನ್ನು ಹೊರುವ ಸರಳು) ಕೂರುವ ತೂತೇ ಸವೆದು ಮೊಟ್ಟೆಯ ಹಾಗಾಗಿದೆ. ಅಂಚಿಗೆ ಉಗುರು ಸಿಕ್ಕಿಕೊಳ್ಳುತ್ತದೆ. ಸುಮ್ನೆ ಸೀಲ್ ಬದಲಿಸಿದರೆ ನಿಲ್ಲುವ ಸೋರಿಕೆ ಅಲ್ಲ ಇದು. ತೂತನ್ನು ಬೋರ್ ಮಾಡಿಸಿ ಬುಷ್ (ಲೋಹದ ಬಳೆ) ಕೂರಿಸಬಹುದಾ, ಬೇರೆ ಹಳೇ ಕೇಸ್ ಹುಡುಕುವುದೇ ಒಳ್ಳೆಯದಾ? ಹಾಸನ, ಚಿಕ್ಕಮಗಳೂರು ಕಡೆ ಪಳಗಿದ ಟರ್ನರ್ ಗೊತ್ತಿದ್ದರೆ ತಿಳಿಸಿ.

ಇನ್ನೊಂದು, ಬ್ರೇಕ್. ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆಯನ್ನು ಚಕ್ರಗಳತ್ತ ತಳ್ಳುವ ಮಾಸ್ಟರ್ ಸಿಲಿಂಡರ್ ಒಂದೇ ಸರ್ಕ್ಯೂಟಿನದು. ಒಂದು ಪೈಪ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಹೋಯಿತು. ಶಿರಾಡಿ ಘಾಟಿ ಇಳಿಯಬೇಕಾದ ಗಾಡಿಗೆ ಇದು ಸಾಲದು. ಇದೊಂದನ್ನು ಮಾತ್ರ ಬದಲಿಸುವ ಆಸೆ. ಫ್ಲೋರ್ ಕೆಳಗೇ ಟ್ಯಾಂಡಮ್ (ಎರಡು ಬೇರೆ ಸರ್ಕ್ಯೂಟಿನ) ಸಿಲಿಂಡರ್ ಕೂರಿಸಿದವರು ಯಾವ ಗಾಡಿಯದು ಬಳಸಿದಿರಿ? ಬ್ರಾಕೆಟ್ ಫೋಟೋ ಇದ್ದರೆ ದಯವಿಟ್ಟು ಹಾಕಿ.

ಅಪ್ಪನಿಗೆ ಈಗ 78. ಮಳೆ ಹಿಡಿಯುವ ಮೊದಲು ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಮ್ಮೆ ತೋಟ ಸುತ್ತಬೇಕು.