ಎಂಜಿಬಿ ಸ್ಟೀರಿಂಗ್ ಗಟ್ಟಿ, ತಿರುವು ಮುಗಿದರೂ ವಾಪಸ್ ಬರುತ್ತಿಲ್ಲ

ಕೊಟ್ಟಾರದಿಂದ ಪ್ರಶ್ನೆ:
ನನ್ನದು 1967ರ ಎಂಜಿಬಿ, ಬ್ರಿಟನ್ನಿನ ಹಳೇ ಸ್ಪೋರ್ಟ್ಸ್ ಕಾರು. ಮಳೆಗಾಲ ಪೂರ್ತಿ ಶೆಡ್ಡಿನಲ್ಲೇ ಇತ್ತು. ಈಗ ಹೊರಗೆ ತೆಗೆದರೆ ಸ್ಟೀರಿಂಗ್ ಸಿಕ್ಕಾಪಟ್ಟೆ ಗಟ್ಟಿ. ಕದ್ರಿ ಗುಡ್ಡದ ತಿರುವಿನಲ್ಲಿ ಎರಡೂ ಕೈ ಹಾಕಿ ಎಳೆಯಬೇಕು. ನೇರ ಮಾಡಲೂ ನಾನೇ ಎಳೆಯಬೇಕು. ಟೈರ್ ಗಾಳಿ ಸರಿ ಉಂಟು. ಗ್ಯಾರೇಜಿನವರು ರ‍್ಯಾಕ್ (ಸ್ಟೀರಿಂಗ್ ತಿರುವನ್ನು ಚಕ್ರಕ್ಕೆ ದಾಟಿಸುವ ಹಲ್ಲಿನ ಪಟ್ಟಿ) ಹೋಗಿದೆ, ಬದಲಿಸಿ ಎನ್ನುತ್ತಾರೆ. ಹೌದಾ?

ಮಲ್ಪೆಯಿಂದ ಉತ್ತರ:
ರ‍್ಯಾಕಿಗೆ ಈಗಲೇ ದುಡ್ಡು ಸುರಿಯಬೇಡಿ ಮಾರಾಯ್ರೆ. ಈ ಕಾರಿಗೆ ಪವರ್ ಸ್ಟೀರಿಂಗ್ ಇಲ್ಲ, ನಿಂತಲ್ಲಿ ತಿರುಗಿಸಿದರೆ ಭಾರವೇ. ಆದರೆ ಮುಂದಿನ ಚಕ್ರದ ಕ್ಯಾಸ್ಟರ್, ಅಂದರೆ ಚಕ್ರ ತಿರುಗುವ ಅಚ್ಚು ಹಿಂದಕ್ಕೆ ವಾಲಿದ ಕೋನ, ಸುಮಾರು 7 ಡಿಗ್ರಿ. ಅಷ್ಟಿದ್ದರೆ ಓಡುವಾಗ ಕೈ ಸಡಿಲ ಬಿಟ್ಟ ಕೂಡಲೇ ಸ್ಟೀರಿಂಗ್ ತಾನಾಗಿ ನೇರ ಆಗಬೇಕು. ಆಗುತ್ತಿಲ್ಲ ಅಂದರೆ ಎಲ್ಲೋ ಹಿಡಿಯುತ್ತಿದೆ.

ಮುಂಭಾಗ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕ್ ನಂಬಿ ಅಡಿಗೆ ಹೋಗಬೇಡಿ. ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಎರಡೂ ಟೈ ರಾಡ್ ಎಂಡ್ ಕಳಚಿ, ಒಂದೊಂದೇ ಚಕ್ರವನ್ನು ಕೈಯಲ್ಲಿ ಆಚೀಚೆ ತಿರುಗಿಸಿ. ಗಟ್ಟಿ ಇದ್ದರೆ ಕಿಂಗ್‌ಪಿನ್. ಮುಂದಿನ ಚಕ್ರ ಎಡಬಲ ತಿರುಗುವುದು ಆ ಕಂಬಿಯ ಮೇಲೆ. ನನಗೆ ಅನುಮಾನ ಅದರ ಮೇಲೆಯೇ. ಒಂದೊಂದು ಬದಿಗೆ ಮೂರು ಗ್ರೀಸ್ ನಿಪ್ಪಲ್ (ಗ್ರೀಸ್ ತುಂಬುವ ಮೂತಿ) ಇವೆ. ಕೆಳಗಿನದ್ದಕ್ಕೆ ಮಣ್ಣು ಮೆತ್ತಿ ಕಾಣುವುದೇ ಇಲ್ಲ, ಗ್ರೀಸ್ ಹೊಡೆಯುವವರು ಸುಮ್ನೆ ಬಿಟ್ಟುಬಿಡುತ್ತಾರೆ. ಓಡಿಸದೆ ಇಟ್ಟ ಕಾರಲ್ಲಿ ಹಳೇ ಗ್ರೀಸ್ ಮೇಣದ ಹಾಗೆ ಗಟ್ಟಿಯಾಗುತ್ತದೆ. ಚಕ್ರ ನೆಲಕ್ಕೆ ತಾಗದಂತೆ ಎತ್ತಿಯೇ ಗ್ರೀಸ್ ಗನ್ ಹಾಕಿ. ಹಳೆಯದೆಲ್ಲ ಹೊರಬಂದು ಹೊಸದು ಕಾಣುವವರೆಗೆ ಒತ್ತಿ, ನಡುನಡುವೆ ಚಕ್ರ ತಿರುಗಿಸುತ್ತಿರಿ.

ಟ್ರಯಂಫ್ ಸ್ಪಿಟ್‌ಫೈರ್ ಕಾರು ಇಟ್ಟವರು ಅದರ ಮುಂದಿನ ಚಕ್ರ ತಿರುಗುವ ಕೀಲಾದ ಟ್ರನಿಯನ್‌ಗೆ ಗ್ರೀಸ್ ಬೇಡ, ಗೇರ್ ಆಯಿಲ್ ಹಾಕಿ ಎನ್ನುತ್ತಾರೆ. ಅದು ಆ ಕಾರಿಗೆ ಸರಿ. ನಿಮ್ಮ ಕಿಂಗ್‌ಪಿನ್‌ಗೆ ಗ್ರೀಸೇ ಬೇಕು. ರ‍್ಯಾಕಿನ ಒಳಗೆ ಮಾತ್ರ ಇಪಿ 90 ಗೇರ್ ಆಯಿಲ್.

ಚಕ್ರ ಸಲೀಸಾಗಿದ್ದು ಸ್ಟೀರಿಂಗ್ ಮಾತ್ರ ಗಟ್ಟಿ ಅಂದರೆ, ಕಾಲಮ್‌ನ ಕೆಳಗಿನ ಯೂನಿವರ್ಸಲ್ ಜಾಯಿಂಟ್ (ಸ್ಟೀರಿಂಗ್ ದಂಡವನ್ನು ರ‍್ಯಾಕಿಗೆ ಸೇರಿಸುವ ಕೀಲು) ನೋಡಿ. ಸ್ಟೀರಿಂಗ್ ಒಂದು ಸುತ್ತು ತಿರುಗುವಾಗ ಎರಡು ಸಲ ಹಿಡಿದು ಬಿಟ್ಟರೆ ಅದೇ ಕಳ್ಳ. ಅದನ್ನು ಬಿಚ್ಚಿದ ಮೇಲೆ ಕಾಲಮ್ ಹಗುರ, ರ‍್ಯಾಕ್ ಬಿಗಿ ಇದ್ದರೆ ಗ್ಯಾರೇಜಿನವರ ಮಾತು ನಿಜ. ಹಾಗಿದ್ದರೆ ರ‍್ಯಾಕಿನ ರಬ್ಬರ್ ಬೂಟ್ (ಮುಚ್ಚಳ) ಹರಿದು ಒಳಗೆ ನೀರು ಹೋಗಿರಬಹುದು.

ಕೊಟ್ಟಾರದಿಂದ:
ಎಡಗಡೆ ಸರಿ ಇತ್ತು, ಬಲಗಡೆ ಗಟ್ಟಿ. ಕೆಳಗಿನ ನಿಪ್ಪಲ್ ಕಟ್ಟಿಹೋಗಿತ್ತು. ಹೊಸದು ಹಾಕಿ ಗ್ರೀಸ್ ಒತ್ತಿದಾಗ ಕೆಂಪು ತುಕ್ಕಿನ ನೀರು ಬಂತು. ಈಗ ಸ್ಟೀರಿಂಗ್ ವಾಪಸ್ ಬರುತ್ತಿದೆ. ಆದರೂ ಎಡದಷ್ಟು ಹಗುರ ಇಲ್ಲ.

ಮಲ್ಪೆಯಿಂದ:
ತುಕ್ಕು ಬಂದಿದ್ದರೆ ಕಿಂಗ್‌ಪಿನ್ ಕೂರುವ ಬುಷ್ (ಲೋಹದ ಒಳಬಳೆ) ಸವೆದಿರಬಹುದು. ಒಬ್ಬರಿಗೆ ಬ್ರೇಕ್ ಒತ್ತಿಹಿಡಿಯಲು ಹೇಳಿ, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಬ್ರೇಕ್ ಹಿಡಿದರೆ ವೀಲ್ ಬೇರಿಂಗಿನ ಆಟ (ಸಡಿಲ) ನಿಲ್ಲುತ್ತದೆ. ಆಗಲೂ ಅಲುಗಿದರೆ ಕಿಂಗ್‌ಪಿನ್ ಬಿಚ್ಚಲೇಬೇಕು. ಹೊಸ ಬುಷ್ ಕೂರಿಸಿ ರೀಮ್ ಮಾಡಿಸಬೇಕು (ಒಳತೂತನ್ನು ಅಳತೆಗೆ ಕೊರೆಸಬೇಕು), ಅದು ಲೇತ್ ಅಂಗಡಿಯ ಕೆಲಸ, ಬೈಕಂಪಾಡಿ ಕಡೆ ವಿಚಾರಿಸಿ. ಅಲುಗದಿದ್ದರೆ ಸ್ವಲ್ಪ ದಿನ ಓಡಿಸಿ ಇನ್ನೊಮ್ಮೆ ಗ್ರೀಸ್ ಹೊಡೆಯಿರಿ.